ನಿಕೊಡೀಮಸ್: 14 ಮಂದಿಯ ಊರು

2020ರ ಅಮೆರಿಕದ ಜನಗಣತಿ ನಿಕೊಡೀಮಸ್ ಎಂಬ ಊರಿನ ಮುಂದೆ ಬರೆದ ಸಂಖ್ಯೆ 14. ಊರು ಇರುವುದು ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ, ಗ್ರಹಾಂ ಕೌಂಟಿಯಲ್ಲಿ, 24ನೇ ಹೆದ್ದಾರಿಯ ಪಕ್ಕ. ಸುತ್ತ ಕಣ್ಣು ಹಾಯುವಷ್ಟು ದೂರ ಗೋಧಿ ಮತ್ತು ಜೋಳ. ತಗ್ಗಿನಲ್ಲಿ ಸಾಲೊಮನ್ ನದಿಯ ದಕ್ಷಿಣ ಕವಲು. ಒಂದು ಇಗರ್ಜಿ, ಅದಕ್ಕಿಂತ ಹಳೆಯದೊಂದು ಇಗರ್ಜಿ, ಒಂದು ಶಾಲೆಯ ಕಟ್ಟಡ, ಹಿಂದೆ ಹೋಟೆಲಾಗಿದ್ದ ಕಲ್ಲಿನ ಮನೆ, ಸುಣ್ಣಕಲ್ಲಿನ ಒಂದು ಸಭಾಭವನ. ಇವುಗಳ ನಡುವೆ ಚದುರಿದ ಕೆಲವು ಮನೆಗಳು. ಹೆದ್ದಾರಿಯಲ್ಲಿ ಹೋಗುವ ಕಾರು ವೇಗ ತಗ್ಗಿಸದಿದ್ದರೆ ಊರು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ.

ನಾನು ರೋಣ ತಾಲೂಕಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು. ಮಾಸ್ತರನಾದವನಿಗೆ ಜನಗಣತಿಯ ಕೆಲಸ ತಪ್ಪಿದ್ದಲ್ಲ. ಗೇರು ಬಣ್ಣದಲ್ಲಿ ಮನೆಗಳಿಗೆ ನಂಬರು ಹಾಕುತ್ತ, ದುಡಿಯಲು ಗೋವಾಕ್ಕೆ ಹೋದ ಮಗನನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂದು ತಾಯಂದಿರೊಂದಿಗೆ ಕೂತು ತೀರ್ಮಾನಿಸುತ್ತ, ಓಣಿ ಓಣಿ ತಿರುಗಿದ್ದೇನೆ. ಹೀಗಾಗಿ ಯಾವ ಊರಿನ ಜನಸಂಖ್ಯೆ ಕೇಳಿದರೂ ಅದನ್ನು ಬರೆದವರು ಯಾರು, ಯಾರನ್ನು ಬರೆದರು, ಯಾರನ್ನು ಬಿಟ್ಟರು ಎಂಬ ಪ್ರಶ್ನೆ ನನ್ನಲ್ಲಿ ತಾನಾಗಿ ಏಳುತ್ತದೆ. ನನ್ನ ಅಳಿಯ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಜೋಳದ ತಳಿಗಳ ಮೇಲೆ ಸಂಶೋಧನೆ ಮಾಡುತ್ತಾನೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಅದು. ಅವನ ಹೊಲದ ತಿರುಗಾಟದ ಜೊತೆಗೆ ಹೋಗಿಯೇ ನಾನು ಈ ಊರನ್ನು ಕಂಡದ್ದು. "ಮಾವಾರ, ಇಲ್ಲಿ ನೋಡೋದು ಏನೂ ಇಲ್ಲರೀ, ಆದ್ರ ನಿಮಗ ಸೇರ್ತದ" ಎಂದಿದ್ದ. ಸೇರಿತು. ಆಮೇಲೆ ಆ ವಿಶ್ವವಿದ್ಯಾಲಯವಿರುವ ಮನ್ಹಾಟನ್ ಪಟ್ಟಣದ ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತ ಹೋದಂತೆ ಆ 14 ಎಂಬ ಅಂಕೆ ನನಗೆ ಹೆಚ್ಚು ಹೆಚ್ಚು ಅಪೂರ್ಣವಾಗಿ ಕಂಡಿತು.

ಈ ಊರನ್ನು ಕಟ್ಟಿದವರು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ. ಅಂತರ್ಯುದ್ಧದ ನಂತರದ ಆ ಕಾಲದಲ್ಲಿ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಪ್ಪು ಜನ ಕಟ್ಟಿಕೊಂಡ ಊರುಗಳಲ್ಲಿ ಇವತ್ತಿಗೂ ಜನವಸತಿ ಉಳಿಸಿಕೊಂಡ ಅತಿ ಹಳೆಯ ಊರು ಇದು. ಅವರ ಲೆಕ್ಕದ ಚರಿತ್ರೆ ಊರಿಗಿಂತ ಹಳೆಯದು. 1787ರಲ್ಲಿ ಅಮೆರಿಕದ ಸಂವಿಧಾನ ಬರೆದವರು, ಸಂಸತ್ತಿನ ಸ್ಥಾನಗಳನ್ನು ಹಂಚಲು ಜನರನ್ನು ಎಣಿಸುವಾಗ ಒಬ್ಬ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯನೆಂದು ಹಿಡಿಯಬೇಕು ಎಂದು ಗೊತ್ತುಮಾಡಿದರು. ಅವನಿಗೆ ಮತವಿಲ್ಲ, ಅವನ ಹೆಸರಿನಲ್ಲಿ ಸ್ಥಾನ ಮಾತ್ರ ಒಡೆಯರ ರಾಜ್ಯಕ್ಕೆ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆಯದೇ ಪಟ್ಟಿ ಇತ್ತು. ಎಡಗಡೆ ಒಡೆಯನ ಹೆಸರು. ಅದರ ಕೆಳಗೆ ಸಾಲುಸಾಲಾಗಿ ವಯಸ್ಸು, ಗಂಡು ಅಥವಾ ಹೆಣ್ಣು, ಮೈಬಣ್ಣ. ಹೆಸರಿನ ಕಾಲಂ ಗುಲಾಮರಿಗೆ ಇರಲಿಲ್ಲ. 35, ಗಂಡು, ಕಪ್ಪು. 12, ಹೆಣ್ಣು, ಕಪ್ಪು. ಆ ಹಾಳೆಗಳ ನಕಲನ್ನು ನೋಡುತ್ತ ಕೂತಾಗ ನನಗೆ ಮುಂದಿನ ಪುಟ ತಿರುಗಿಸಲು ಸಾಕಷ್ಟು ಹೊತ್ತು ಬೇಕಾಯಿತು. ಗಣತಿಯ ಫಾರಂ ಕೈಯಲ್ಲಿ ಹಿಡಿದು ಮೊದಲು ಕೇಳುವ ಪ್ರಶ್ನೆಯೇ ಹೆಸರು. ಆ ಪ್ರಶ್ನೆಯನ್ನೇ ಕೇಳದೆ ಮನುಷ್ಯರನ್ನು ಎಣಿಸಿ ಮುಗಿಸಿದ್ದರು.

1865ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. 1870ರ ಗಣತಿಯಲ್ಲಿ ಬಿಡುಗಡೆಯಾದವರೆಲ್ಲರ ಹೆಸರು ಮೊದಲ ಬಾರಿಗೆ ದೇಶದ ಕಾಗದದ ಮೇಲೆ ಬಂತು. ನಿಕೊಡೀಮಸ್‌ಗೆ ಬಂದವರಲ್ಲಿ ಬಹುಮಂದಿಯನ್ನು ಆ ವರ್ಷದ ಗಣತಿ ಗುರುತು ಹಾಕಿದ್ದು ಕೆಂಟಕಿ ರಾಜ್ಯದಲ್ಲಿ, ಜಾರ್ಜ್‌ಟೌನ್ ಮತ್ತು ಲೆಕ್ಸಿಂಗ್ಟನ್ ಸುತ್ತಮುತ್ತಲಿನ ಹಳ್ಳಿಗಳಲ್ಲಿ. ಅವರಲ್ಲಿ ಕೆಲವು ಮನೆತನಗಳು ರಿಚರ್ಡ್ ಜಾನ್ಸನ್ ಎಂಬ ಜಮೀನುದಾರನ ತೋಟಗಳಲ್ಲಿ ಗುಲಾಮರಾಗಿದ್ದವರ ವಂಶ. ಈ ಜಾನ್ಸನ್ 1837ರಿಂದ 1841ರವರೆಗೆ ಅಮೆರಿಕದ ಉಪಾಧ್ಯಕ್ಷನಾಗಿದ್ದ.

ಬಿಡುಗಡೆ ಆಯಿತು, ಆದರೆ ನೆಲ ಸಿಗಲಿಲ್ಲ. ಹಳೆಯ ಒಡೆಯರ ಹೊಲವನ್ನೇ ಪಾಲಿಗೆ ಮಾಡುವುದು, ಅವರ ಅಂಗಡಿಯಲ್ಲೇ ಉದ್ರಿ ತರುವುದು, ಸುಗ್ಗಿಯಲ್ಲಿ ಲೆಕ್ಕ ಹಾಕಿದರೆ ಸಾಲವೇ ಉಳಿಯುವುದು. ಇದರ ಮೇಲೆ ರಾತ್ರಿ ಮುಸುಕು ಹಾಕಿ ಬರುವ ಗುಂಪುಗಳ ಹೆದರಿಕೆ. 1877ರಲ್ಲಿ ಒಕ್ಕೂಟ ಸರ್ಕಾರ ದಕ್ಷಿಣದಲ್ಲಿ ಉಳಿದಿದ್ದ ತನ್ನ ಕೊನೆಯ ಕಾವಲು ಪಡೆಗಳನ್ನೂ ಹಿಂದಕ್ಕೆ ಕರೆಯಿತು. ನಮ್ಮಲ್ಲಿ ಧಾತು-ಈಶ್ವರದ ಬರ ಬಿದ್ದ ಕಾಲವದು. ಅತ್ತ ಪಶ್ಚಿಮದಲ್ಲಿ 1862ರ ಹೋಮ್‌ಸ್ಟೆಡ್ ಕಾನೂನು ತೆರೆದಿತ್ತು: ಕುಟುಂಬದ ಹಿರಿಯನೊಬ್ಬ 160 ಎಕರೆ ಸರ್ಕಾರಿ ಭೂಮಿಯನ್ನು ಹಿಡಿದು, ಐದು ವರ್ಷ ಅಲ್ಲೇ ವಾಸವಿದ್ದು, ಸಾಗುವಳಿ ಮಾಡಿದರೆ ಅದು ಅವನದು. ಗಂಡಿಲ್ಲದ ಹೆಣ್ಣಿಗೂ ಈ ಹಕ್ಕಿತ್ತು. ಕ್ಯಾನ್ಸಸ್ ಎಂದರೆ ಗುಲಾಮಗಿರಿಯ ವಿರುದ್ಧ ರಕ್ತ ಸುರಿಸಿದ ನೆಲ, ಜಾನ್ ಬ್ರೌನ್ ಹೋರಾಡಿದ ನೆಲ ಎಂಬ ಹೆಸರೂ ಆ ಜನರ ಮನಸ್ಸಿನಲ್ಲಿತ್ತು.

1877ರ ಏಪ್ರಿಲಿನಲ್ಲಿ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂ ವ್ಯವಹಾರಸ್ಥನೂ ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿಯೂ ಇತರ ಕೆಲವರೂ ಸೇರಿ ನಿಕೊಡೀಮಸ್ ಟೌನ್ ಕಂಪನಿ ಸ್ಥಾಪಿಸಿದರು. ಹಿಲ್‌ಗೆ ಬೇಕಾದದ್ದು ಊರು ಕಟ್ಟುವುದರಿಂದ ಬರುವ ಲಾಭ. ಸ್ಮಿತ್‌ನಂಥವರಿಗೆ ಬೇಕಾದದ್ದು ತಮ್ಮವರು ತಲೆಯೆತ್ತಿ ಬದುಕುವ ಒಂದು ತಾಣ. ಕೆಂಟಕಿಯ ಇಗರ್ಜಿಗಳಲ್ಲಿ ಕರಪತ್ರಗಳು ಹಂಚಿಕೆಯಾದವು. 5 ಡಾಲರ್ ಕೊಟ್ಟರೆ ಸೆಪ್ಟೆಂಬರ್ 5ಕ್ಕೆ ಕ್ಯಾನ್ಸಸ್‌ಗೆ ಹೊರಡಬಹುದು ಎಂದು ಒಂದು ಕರಪತ್ರದಲ್ಲಿದೆ. ಫಲವತ್ತಾದ ಮಣ್ಣು, ಬೇಟೆಗೆ ಸಮೃದ್ಧ ಪ್ರಾಣಿಗಳು, ಹಿಡಿದು ಪಳಗಿಸಲು ಕಾಡುಕುದುರೆಗಳು ಎಂದೆಲ್ಲ ಹಿಲ್ ಬಾಯಿತುಂಬ ಹೇಳಿದ್ದ. ಜೂನ್‌ನಲ್ಲಿ ಸೈಮನ್ ರೌಂಡ್‌ಟ್ರೀ ಎಂಬ ಪಾದ್ರಿ ಮೊದಲು ಬಂದು ನೆಲೆಸಿದರು. ಜುಲೈನಲ್ಲಿ ಟೊಪೀಕಾದಿಂದ ಒಂದು ಸಣ್ಣ ತಂಡ ಬಂತು. ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ 300ಕ್ಕೂ ಹೆಚ್ಚು ಮಂದಿ ಒಟ್ಟಿಗೆ ಹೊರಟುಬಂದರು.

ರೈಲು ಅವರನ್ನು ಎಲ್ಲಿಸ್ ಎಂಬ ನಿಲ್ದಾಣದವರೆಗೆ ಮಾತ್ರ ತಂದಿತು. ಅಲ್ಲಿಂದ ಉತ್ತರಕ್ಕೆ ಮರವಿಲ್ಲದ, ದಾರಿಯಿಲ್ಲದ ಹುಲ್ಲುಗಾವಲಿನಲ್ಲಿ ಸಾಮಾನು ಗಾಡಿಗೆ ಹೇರಿ, ಹೆಚ್ಚಿನವರು ನಡೆದೇ ಬರಬೇಕಾಯಿತು. ಮರುವರ್ಷದ ವಸಂತದಲ್ಲಿ ಬಂದ ಇನ್ನೊಂದು ತಂಡದಲ್ಲಿ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳಿದ್ದಳು. ಎಲ್ಲಿಸ್‌ನಲ್ಲಿ ತಂಗಿದ್ದಾಗ ಆ ತಂಡದ ಮಕ್ಕಳಿಗೆ ದಡಾರ ಬಂತು, ಕೆಲವು ಮಕ್ಕಳು ಅಲ್ಲೇ ತೀರಿಕೊಂಡವು. ಹಡೆದ ಮಕ್ಕಳನ್ನು ಗುರುತಿಲ್ಲದ ಊರಿನಲ್ಲಿ ಮಣ್ಣು ಮಾಡಿ ಮುಂದೆ ನಡೆದರು. ಕೊನೆಗೊಂದು ದಿನ ಜೊತೆಯವರು "ಅಗೋ ನಿಕೊಡೀಮಸ್" ಎಂದು ಕೂಗಿದಾಗ ಆಕೆ ಎಷ್ಟು ನೋಡಿದರೂ ಊರು ಕಾಣಲಿಲ್ಲ. ನೆಲದೊಳಗಿಂದ ಅಲ್ಲಲ್ಲಿ ಹೊಗೆ ಏಳುತ್ತಿತ್ತು ಅಷ್ಟೇ. ಅದೇ ಊರು, ಜನ ಇರುವುದು ಆ ಬಿಲಗಳೊಳಗೆ ಎಂದು ಗಂಡ ತೋರಿಸಿದಾಗ ಅತ್ತುಬಿಟ್ಟೆ ಎಂದು ಆಕೆ ಮುಪ್ಪಿನಲ್ಲಿ ನೆನೆದುಕೊಂಡಿದ್ದಾಳೆ. ಈ ಊರಿನ ಬಗ್ಗೆ ಯಾರು ಬರೆದರೂ ಆಕೆಯ ಮಾತಿಗೆ ಬಂದೇ ಬರುತ್ತಾರೆ. ಬರಬೇಕಾದದ್ದೇ. ಆದರೆ ಅತ್ತ ಮೇಲೆ ಆಕೆ ಅಲ್ಲೇ ಉಳಿದು ಒಕ್ಕಲುತನ ಮಾಡಿದಳು, ಮಕ್ಕಳನ್ನು ಬೆಳೆಸಿದಳು ಎಂಬುದನ್ನು ಅಷ್ಟೇ ಒತ್ತಿ ಹೇಳುವವರು ಕಡಿಮೆ.

ಆ ಮನೆಗಳನ್ನು ಕಟ್ಟಿದ ಬಗೆ ಹೀಗೆ. ದಿಬ್ಬದ ಪಕ್ಕೆಗೆ ಒಳಮುಖವಾಗಿ ಅಗೆಯುವುದು, ನಮ್ಮ ಕಡೆ ಜೋಳ ತುಂಬುವ ಹಗೇವನ್ನು ಕೆಳಕ್ಕೆ ತೋಡದೆ ಅಡ್ಡಕ್ಕೆ ತೋಡಿದಂತೆ. ಮುಂಭಾಗಕ್ಕೆ ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯ ಹಾಗೆ ಪೇರಿಸಿ ಗೋಡೆ. ಮೇಲೆ ನದಿ ದಂಡೆಯ ಗಿಡಗಳ ಗಳ, ಅದರ ಮೇಲೆ ಹುಲ್ಲು, ಅದರ ಮೇಲೆ ಮತ್ತೆ ಮಣ್ಣು. ಒಂದು ಒಲೆ, ಒಂದು ಹೊಗೆಗಂಡಿ. ಉರುವಲಿಗೆ ಕಟ್ಟಿಗೆ ಎಲ್ಲಿ? ಸೂರ್ಯಕಾಂತಿಯ ಒಣ ದಂಟು, ಬಯಲಿನಲ್ಲಿ ಬಿದ್ದ ಕಾಡೆಮ್ಮೆಗಳ ಒಣ ಸಗಣಿ. ಕುಳ್ಳು ಸುಟ್ಟು ಅಡುಗೆ ಮಾಡುವುದು ಎಂದರೆ ಏನೆಂದು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರದು ಹಿಮ ಸುರಿಯುವ ಚಳಿಗಾಲ. ಬಂದದ್ದು ಸೆಪ್ಟೆಂಬರಿನಲ್ಲಾದ್ದರಿಂದ ಬಿತ್ತುವ ಕಾಲವೂ ಮೀರಿತ್ತು. ಕಂಪನಿಯ ಮಾತು ಸುಳ್ಳಾದದ್ದು ಕಂಡು ಜನ ಹಿಲ್‌ನ ಮೇಲೆ ಸಿಟ್ಟಿಗೆದ್ದರು. ಅವನು ಅಡಗಿಕೊಂಡು ಜೀವ ಉಳಿಸಿಕೊಂಡನೆಂದು ಊರವರು ಹೇಳುತ್ತಾರೆ. ಸುಮಾರು 60 ಕುಟುಂಬಗಳು ಹಿಂದಿರುಗಿ ಹೋದವು.

ಉಳಿದವರು ಆ ಚಳಿಗಾಲವನ್ನು ದಾಟಿದ್ದರಲ್ಲಿ ಒಸೇಜ್ ಬುಡಕಟ್ಟಿನವರ ಪಾಲಿದೆ. ಬೇಟೆ ಮುಗಿಸಿ ದಕ್ಷಿಣಕ್ಕೆ ಮರಳುತ್ತಿದ್ದ ಒಸೇಜ್ ತಂಡವೊಂದು ತಮ್ಮಲ್ಲಿದ್ದ ಮಾಂಸದಲ್ಲಿ ಒಂದು ಪಾಲನ್ನು ಇವರಿಗೆ ಕೊಟ್ಟುಹೋಯಿತು. ಒಸೇಜರೂ ಕ್ಯಾನ್ಸಸ್‌ನವರೇ. ಕೆಲವೇ ವರ್ಷಗಳ ಹಿಂದೆ ಅವರನ್ನು ಅವರ ನೆಲದಿಂದ ಎಬ್ಬಿಸಿ ಈಗಿನ ಓಕ್ಲಹಾಮಾಕ್ಕೆ ಅಟ್ಟಿದ್ದರು. ಹೋಮ್‌ಸ್ಟೆಡ್ ಕಾನೂನಿಗೆ ಹಂಚಲು ಅಷ್ಟೊಂದು ಖಾಲಿ ನೆಲ ಎಲ್ಲಿಂದ ಬಂತೆಂದರೆ, ಅಲ್ಲಿದ್ದವರನ್ನು ಎಬ್ಬಿಸಿದ್ದರಿಂದ ಬಂತು. ನೆಲ ಕಳೆದುಕೊಂಡವರು ನೆಲ ಹುಡುಕಿ ಬಂದವರಿಗೆ ಉಣ್ಣಲು ಕೊಟ್ಟರು. ಯಾವ ಗಣತಿಯ ಯಾವ ಕಾಲಂನಲ್ಲೂ ಇದು ಸಿಗುವುದಿಲ್ಲ.

1877ರ ಅಕ್ಟೋಬರಿನ ಕೊನೆಗೆ ಎಮ್ಮಾ ವಿಲಿಯಮ್ಸ್ ಎಂಬಾಕೆಗೆ ಗಂಡುಮಗು ಹುಟ್ಟಿತು. ಹೆಸರು ಹೆನ್ರಿ. ನಿಕೊಡೀಮಸ್‌ನಲ್ಲಿ ಹುಟ್ಟಿದ ಮೊದಲ ಮಗು. ತಾಯಿ ಗುಲಾಮಗಿರಿಯಲ್ಲಿ ಹುಟ್ಟಿದವಳು, ಮಗ ತನ್ನವರದೇ ನೆಲದಲ್ಲಿ.

160 ಎಕರೆ ಎಂದರೆ ನಮ್ಮ ಎರೆ ಸೀಮೆಯ ಒಕ್ಕಲಿಗ ಕಣ್ಣರಳಿಸುತ್ತಾನೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಅಳಿಯ ನಕ್ಷೆ ತೆಗೆದು ಬಿಡಿಸಿ ಹೇಳಿದ. ಅಮೆರಿಕದ ನಡುವೆ ಉತ್ತರ-ದಕ್ಷಿಣವಾಗಿ ಹಾಯುವ 100ನೇ ರೇಖಾಂಶದ ಪಶ್ಚಿಮಕ್ಕೆ ಮಳೆ ನಂಬಿ ಒಕ್ಕಲುತನ ಮಾಡುವುದು ಕಷ್ಟ. ನಿಕೊಡೀಮಸ್ ಇರುವುದು ಆ ಗೆರೆಯ ಅಂಚಿನಲ್ಲೇ. ಪಶ್ಚಿಮದ ಒಣ ಭೂಮಿಯನ್ನು ಅಳೆದು ನೋಡಿದ್ದ ಜಾನ್ ವೆಸ್ಲಿ ಪೊವೆಲ್, ಇಂಥ ಕಡೆ 160 ಎಕರೆಯಲ್ಲಿ ಕುಟುಂಬವೊಂದು ಬದುಕಲಾರದು ಎಂದು 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದ. ನಿಕೊಡೀಮಸ್‌ನವರ ಮೊದಲ ಉಳುಮೆ ಆದದ್ದೂ ಅದೇ ವರ್ಷ. ಇಡೀ ಊರಿಗೆ ಕುದುರೆ ಬೆರಳೆಣಿಕೆಯಷ್ಟು. ಹಸು ಇದ್ದವರು ಹಸುವನ್ನೇ ನೇಗಿಲಿಗೆ ಹೂಡಿದರು, ಏನೂ ಇಲ್ಲದವರು ಸಲಿಕೆ ಗುದ್ದಲಿಯಲ್ಲಿ ಹುಲ್ಲುಬೇರು ಕಿತ್ತು ಎಕರೆ ಎರಡೆಕರೆ ಹಸನು ಮಾಡಿದರು. ಗಂಡಸರು ರೈಲು ದಾರಿಯ ಕೆಲಸಕ್ಕೆ, ದೂರದ ಹೊಲಗಳ ಕೂಲಿಗೆ ನಡೆದುಹೋಗಿ ದುಡ್ಡು ತಂದರು. ಹೋದವರು ಬರುವತನಕ ಹೊಲ ಮನೆ ಮಕ್ಕಳನ್ನೆಲ್ಲ ಕಾಯ್ದವರು ಹೆಂಗಸರು. ಜೆನ್ನಿ ಫ್ಲೆಚರ್ ತನ್ನ ಮನೆಯಲ್ಲೇ ಮಕ್ಕಳಿಗೆ ಪಾಠ ಶುರುಮಾಡಿದಳು. ಆಕೆಯ ಗಂಡ ಜೆಕರಾಯ ಅಂಚೆ ಕಚೇರಿ ನಡೆಸಿದ, ಮುಂದೆ ಹೋಟೆಲನ್ನೂ ಇಟ್ಟ. ಓದು ಕಲಿಸುವುದೇ ಅಪರಾಧವೆಂದು ದಕ್ಷಿಣದ ಹಲವು ರಾಜ್ಯಗಳು ಕಾನೂನು ಮಾಡಿದ್ದ ಜನ, ನೆಲದೊಳಗಿನ ಮನೆಯಲ್ಲೇ ಶಾಲೆ ತೆರೆದರು. ಮಾಸ್ತರಿಕೆ ಮಾಡಿದ ನನಗೆ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಾಣುವುದಿಲ್ಲ.

ಇನ್ನು ಎಣಿಕೆಯ ಮಾತು. 1878ರಲ್ಲಿ ಶಿಕಾಗೊದಿಂದ ಇಬ್ಬರು ಓದಿದ ತರುಣರು ಬಂದರು: ಎಡ್ವರ್ಡ್ ಮೆಕೇಬ್ ಮತ್ತು ಏಬ್ರಮ್ ಹಾಲ್. ಗ್ರಹಾಂ ಕೌಂಟಿಗೆ ಆಗ ಗಡಿ ಇತ್ತು, ಆಡಳಿತ ಇರಲಿಲ್ಲ. ಸಾಕಷ್ಟು ಜನಸಂಖ್ಯೆ ಇದೆಯೆಂದು ತೋರಿಸಿದರೆ ಮಾತ್ರ ಕೌಂಟಿ ಸ್ಥಾಪನೆ. ಮನೆ ಮನೆಗೆ ಹೋಗಿ ತಲೆ ಎಣಿಸುವ ಆ ಕೆಲಸ ಹಾಲ್‌ನ ಪಾಲಿಗೆ ಬಂತು. 1880ರಲ್ಲಿ ಕೌಂಟಿ ಆಯಿತು. ಗವರ್ನರ್ ಸೇಂಟ್ ಜಾನ್ ಮೆಕೇಬನನ್ನು ಅದರ ಹಂಗಾಮಿ ಕ್ಲರ್ಕಾಗಿ ನೇಮಿಸಿದ. ಇಪ್ಪತ್ತು ವರ್ಷಗಳ ಹಿಂದೆ ಗಣತಿಯ ಹಾಳೆಯಲ್ಲಿ ಹೆಸರೇ ಇಲ್ಲದಿದ್ದ ಜನಾಂಗದ ತರುಣನೊಬ್ಬ, ಕಪ್ಪು ಬಿಳಿ ಎನ್ನದೆ ಎಲ್ಲರ ಬಾಗಿಲಿಗೆ ಹೋಗಿ ಹೆಸರು ಕೇಳಿ ಬರೆದುಕೊಂಡ. ಆ ತಿರುಗಾಟ ಹೇಗಿತ್ತೆಂದು ನಾನು ಬಲ್ಲೆ: ಬಾಗಿಲು ತಟ್ಟುವುದು, ಅನುಮಾನದ ಕಣ್ಣುಗಳಿಗೆ ಉತ್ತರ ಕೊಡುವುದು, ಮಸಿ ಆರದ ಹಾಳೆಯನ್ನು ಗಾಳಿಯಿಂದ ಕಾಪಾಡುವುದು. 1880ರ ರಾಷ್ಟ್ರೀಯ ಗಣತಿಯಲ್ಲಿ ನಿಕೊಡೀಮಸ್‌ನವರ ಹೆಸರಿನ ಮುಂದೆ ಉದ್ಯೋಗದ ಕಾಲಂನಲ್ಲಿ ಕಾಣುವುದು ರೈತ ಎಂಬ ಪದ.

ಮೆಕೇಬ್ ಮುಂದೆ 1882ರಲ್ಲಿ ಕ್ಯಾನ್ಸಸ್ ರಾಜ್ಯದ ಆಡಿಟರ್ ಆಗಿ ಚುನಾಯಿತನಾದ, 1884ರಲ್ಲಿ ಮತ್ತೆ ಗೆದ್ದ. ಬಿಳಿಯರೇ ಬಹುಸಂಖ್ಯಾತರಾದ ರಾಜ್ಯದಲ್ಲಿ ರಾಜ್ಯಮಟ್ಟದ ಹುದ್ದೆಗೆ ಗೆದ್ದ ಕಪ್ಪು ಮನುಷ್ಯ. ಆಮೇಲೆ ಓಕ್ಲಹಾಮಾಕ್ಕೆ ಹೋಗಿ ಲ್ಯಾಂಗ್‌ಸ್ಟನ್ ಎಂಬ ಊರು ಕಟ್ಟಿದ, ಅಲ್ಲಿ ಕಪ್ಪು ಜನರದೇ ಒಂದು ರಾಜ್ಯವಾಗಬೇಕೆಂದು ಹೋರಾಡಿದ. ಅದು ಆಗಲಿಲ್ಲ. 1920ರಲ್ಲಿ ಶಿಕಾಗೊದಲ್ಲಿ ಬಡತನದಲ್ಲಿ ತೀರಿಕೊಂಡ.

1880ರ ದಶಕದ ನಡುವಿಗೆ ಊರು ನೆಲದ ಮೇಲಕ್ಕೆ ಎದ್ದುಬಂದಿತ್ತು. ಹೆಂಟೆಯ ಮನೆ, ಆಮೇಲೆ ಹಲಗೆಯ ಮನೆ, ಆಮೇಲೆ ಸುಣ್ಣಕಲ್ಲಿನ ಮನೆ. ಇಗರ್ಜಿಗಳು, ಕಿರಾಣಿ ಅಂಗಡಿಗಳು, ಹೋಟೆಲುಗಳು, ಒಂದು ಬ್ಯಾಂಕು, ಸಾಹಿತ್ಯ ಸಂಘ, ಬೇಸ್‌ಬಾಲ್ ತಂಡ. 1886ರಲ್ಲಿ 'ವೆಸ್ಟರ್ನ್ ಸೈಕ್ಲೋನ್' ಎಂಬ ಪತ್ರಿಕೆ, ಮರುವರ್ಷ 'ನಿಕೊಡೀಮಸ್ ಎಂಟರ್‌ಪ್ರೈಸ್' ಎಂಬ ಇನ್ನೊಂದು ಪತ್ರಿಕೆ. ಅಂಗಡಿಕಾರರಲ್ಲಿ ಬಿಳಿಯರೂ ಇದ್ದರು. ಊರ ಏಳಿಗೆಯಲ್ಲಿ ಎಲ್ಲರಿಗೂ ಲಾಭವಿತ್ತು. ಇಂಥ ಊರಿಗೆ ಇನ್ನು ಬೇಕಾದದ್ದು ಒಂದೇ, ರೈಲು.

ಗೋಧಿ ಬೆಳೆದವನಿಗೆ ರೈಲಿಲ್ಲದಿದ್ದರೆ ಪೇಟೆ ಇಲ್ಲ. ಗಾಡಿಯಲ್ಲಿ ಹೇರಿ ದೂರದ ನಿಲ್ದಾಣಕ್ಕೆ ಹೊಡೆಯುವ ದಿನಗಳ ಖರ್ಚಿನಲ್ಲೇ ಬೆಳೆಯ ಲಾಭ ಕರಗುತ್ತದೆ. ಆ ಬಯಲಿನಲ್ಲಿ ಅಂದು ನೂರಾರು ಸಣ್ಣ ಊರುಗಳು ಹೀಗೆಯೇ ರೈಲಿನ ದಾರಿ ಕಾಯುತ್ತಿದ್ದವು. ಕಂಪನಿಗಳು ಅದನ್ನು ಚೆನ್ನಾಗಿ ಅರಿತಿದ್ದವು. ನಮ್ಮ ದಾರಿ ನಿಮ್ಮ ಊರಿಗೆ ಬರಬೇಕಾದರೆ ನೀವೇನು ಕೊಡುತ್ತೀರಿ ಎಂದು ಊರೂರಿಗೂ ಕೇಳುತ್ತಿದ್ದವು. ಮಿಸೂರಿ ಪೆಸಿಫಿಕ್ ಕಂಪನಿಯ ಹಳಿಗಳು ಪೂರ್ವದ ಸ್ಟಾಕ್‌ಟನ್‌ವರೆಗೆ ಬಂದಿದ್ದವು. 1887ರಲ್ಲಿ ನಿಕೊಡೀಮಸ್‌ನ ಮತದಾರರು ಆ ಕಂಪನಿಗೆ 16,000 ಡಾಲರ್ ಮೌಲ್ಯದ ಬಾಂಡ್ ಕೊಡಲು ಒಪ್ಪಿ ಮತ ಹಾಕಿದರು. ಹತ್ತು ವರ್ಷದ ಹಿಂದೆ ಬಿಲದಲ್ಲಿ ವಾಸವಿದ್ದವರು ತಮ್ಮ ಮುಂದಿನ ತಲೆಮಾರಿನ ದುಡಿಮೆಯನ್ನು ಒತ್ತೆಯಿಟ್ಟು ಕೊಡಲು ಒಪ್ಪಿದ ಹಣವದು. ಪತ್ರಿಕೆಗಳು ವಾರವಾರವೂ ರೈಲಿನ ಆಸೆಯನ್ನೇ ಬರೆದವು. ನಿವೇಶನಗಳ ಬೆಲೆ ಏರಿತು. ಆದರೆ ಮಾತುಕತೆ ಮುರಿಯಿತು. ಮಿಸೂರಿ ಪೆಸಿಫಿಕ್ ಸ್ಟಾಕ್‌ಟನ್ ದಾಟಿ ಬರಲೇ ಇಲ್ಲ.

ಆಸೆ ಯೂನಿಯನ್ ಪೆಸಿಫಿಕ್ ಕಡೆ ತಿರುಗಿತು. 1888ರಲ್ಲಿ ಆ ಕಂಪನಿ ಹಳಿ ಹಾಸಿತು, ಸಾಲೊಮನ್ ನದಿಯ ಆಚೆ ದಂಡೆಯಲ್ಲಿ, ನಿಕೊಡೀಮಸ್‌ನಿಂದ ಕೆಲವೇ ಮೈಲಿ ದೂರದಲ್ಲಿ. ಹಳಿಯ ಪಕ್ಕ ಬೋಗ್ ಎಂಬ ಹೊಸ ಊರು ಎದ್ದಿತು. ವರ್ಷ ತುಂಬುವುದರೊಳಗೆ ನಿಕೊಡೀಮಸ್‌ನ ವ್ಯಾಪಾರಿಗಳು ನದಿ ದಾಟಿದರು. ಕೆಲವರು ಅಂಗಡಿಯ ಕಟ್ಟಡವನ್ನೇ ಎಬ್ಬಿಸಿ ಸಾಗಿಸಿದರು. ಪತ್ರಿಕೆಗಳು ನಿಂತವು. ಸಂಪಾದಕರು ಬೇರೆ ಊರು ನೋಡಿಕೊಂಡರು.

ನಿಕೊಡೀಮಸ್ ಸೋತ ಊರು ಎಂದು ಹೇಳುವವರಿದ್ದಾರೆ. ಕಪ್ಪು ಜನರಿಗೆ ಊರು ಕಟ್ಟಿ ಉಳಿಸಿಕೊಳ್ಳಲು ಬರಲಿಲ್ಲ ಎಂಬ ಧ್ವನಿ ಆ ಮಾತಿನ ಒಳಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಆ ಬಯಲಿನಲ್ಲಿ ರೈಲು ತಪ್ಪಿದ ಬಿಳಿಯರ ಊರುಗಳ ಗತಿಯೂ ಇದೇ ಆಯಿತು. ಅವುಗಳಲ್ಲಿ ಎಷ್ಟೋ ಊರುಗಳ ಗುರುತೇ ಇಂದು ಉಳಿದಿಲ್ಲ. ನಿಕೊಡೀಮಸ್ ಉಳಿದಿದೆ. ಅಂಗಡಿಕಾರರು ಹೋದರು, ಒಕ್ಕಲಿಗರು ಹೋಗಲಿಲ್ಲ. ಅವರಿಗೆ ನೆಲದ ಪಟ್ಟಾ ಕೈಗೆ ಬಂದಿತ್ತು. ಒಮ್ಮೆಯೂ ನೆಲ ಸಿಗದ ವಂಶಕ್ಕೆ ಸಿಕ್ಕ ನೆಲವನ್ನು ರೈಲು ಬರಲಿಲ್ಲವೆಂದು ಬಿಟ್ಟುಹೋಗುವುದು ಅಷ್ಟು ಸುಲಭವಾಗಿರಲಿಲ್ಲ.

ಊರು ಅತ್ಯಂತ ತುಂಬಿದ್ದ ಆ ಕಾಲಕ್ಕೆ ಅತಿ ಹತ್ತಿರದ ರಾಷ್ಟ್ರೀಯ ಗಣತಿ 1890ರದು. ಅದರ ಹಾಳೆಗಳು ಇವತ್ತು ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಹೆಚ್ಚಿನವು ಸುಟ್ಟು ನೆನೆದು ಹಾಳಾದವು. ಉಳಿದದ್ದನ್ನು ಮುಂದೆ ಸರ್ಕಾರವೇ ನಾಶ ಮಾಡಿತು. ಗುಲಾಮಗಿರಿಯಿಂದ ಬಂದ ಕುಟುಂಬಗಳ ವಂಶಾವಳಿ ಹುಡುಕುವವರಿಗೆ ಇದು ದೊಡ್ಡ ಗಾಯ. ಹಿಂದಕ್ಕೆ ಹೋದರೆ 1860ರಲ್ಲಿ ಹೆಸರಿಲ್ಲ, ಮುಂದೆ ಬಂದರೆ 1890ರಲ್ಲಿ ಹಾಳೆಯೇ ಇಲ್ಲ. ಪುಣ್ಯಕ್ಕೆ ಕ್ಯಾನ್ಸಸ್ ರಾಜ್ಯ ತಾನೇ ಹತ್ತು ವರ್ಷಕ್ಕೊಮ್ಮೆ ಬೇರೆ ಗಣತಿ ಮಾಡುತ್ತಿತ್ತು. 1885 ಮತ್ತು 1895ರ ಆ ಹಾಳೆಗಳು ಉಳಿದಿವೆ. ಯಾವ ರಾಜ್ಯದಿಂದ ಕ್ಯಾನ್ಸಸ್‌ಗೆ ಬಂದದ್ದು ಎಂಬ ಕಾಲಂ ಕೂಡ ಅದರಲ್ಲಿದೆ. ಅಲ್ಲಿ ಮನೆ ಮನೆಯ ಎದುರೂ ಕೆಂಟಕಿ ಎಂಬ ಹೆಸರು ಕಾಣುತ್ತದೆ.

ರೈಲು ತಪ್ಪಿದ ಮೇಲೂ ಊರಿನ ಜೀವನ ನಿಲ್ಲಲಿಲ್ಲ. 1907ರಲ್ಲಿ ಬ್ಯಾಪ್ಟಿಸ್ಟರು ಇಗರ್ಜಿಯನ್ನು ಹೊಸದಾಗಿ ಕಟ್ಟಿದರು, 1918ರಲ್ಲಿ ಶಾಲೆಗೆ ಹೊಸ ಕಟ್ಟಡ ಬಂತು. ಪ್ರತಿ ವರ್ಷ ಆಗಸ್ಟ್ 1ರ ಸುಮಾರಿಗೆ ವಿಮೋಚನೆಯ ಹಬ್ಬ. ಬ್ರಿಟಿಷರು ವೆಸ್ಟ್ ಇಂಡೀಸ್‌ನಲ್ಲಿ 1834ರಲ್ಲಿ ಗುಲಾಮಗಿರಿ ರದ್ದು ಮಾಡಿದ ದಿನ ಅದು. ತಮ್ಮದಲ್ಲದ ದ್ವೀಪಗಳ ತಮ್ಮವರ ಬಿಡುಗಡೆಯನ್ನು ಇವರು ತಮ್ಮ ಹಬ್ಬ ಮಾಡಿಕೊಂಡರು. ಮರಗಳ ತೋಪಿನಲ್ಲಿ ಅಡುಗೆ, ಭಾಷಣ, ಬೇಸ್‌ಬಾಲ್, ರಾತ್ರಿ ಕುಣಿತ. ಸುತ್ತಲಿನ ಬಿಳಿಯ ರೈತರೂ ಬರುತ್ತಿದ್ದರು.

ನಿಜವಾದ ಪೆಟ್ಟು ಬಿದ್ದದ್ದು 1930ರ ದಶಕದಲ್ಲಿ. ಮಳೆ ಹೋಯಿತು, ಬೆಲೆ ಬಿತ್ತು, ಉತ್ತ ಹೊಲದ ಮಣ್ಣು ಧೂಳಾಗಿ ಆಕಾಶಕ್ಕೆ ಎದ್ದಿತು. ಪೊವೆಲ್ ಹೇಳಿದ್ದು ದಿಟವಾಯಿತು. ಕಿರಿಯರು ಡೆನ್ವರ್, ಟೊಪೀಕಾ, ಕ್ಯಾಲಿಫೋರ್ನಿಯಾ ಎಂದು ಹೊರಟರು. ಆ ಕಷ್ಟದ ಕಾಲದಲ್ಲೇ ಸರ್ಕಾರದ ಉದ್ಯೋಗ ಯೋಜನೆಯಡಿ ಸುಣ್ಣಕಲ್ಲಿನ ಸಭಾಭವನವನ್ನು ಕಟ್ಟಿ 1939ರಲ್ಲಿ ಮುಗಿಸಿದರು. ಅದರ ಕಲ್ಲುಗೆಲಸ ಇವತ್ತಿಗೂ ಗಟ್ಟಿಯಾಗಿದೆ. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರು, ಕಟಾವು ಯಂತ್ರ ಬಂದವು. ಹತ್ತು ಕುಟುಂಬ ಮಾಡುತ್ತಿದ್ದ ಹೊಲವನ್ನು ಒಂದೇ ಕುಟುಂಬ ಮಾಡತೊಡಗಿತು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ಇದು ನಿಕೊಡೀಮಸ್‌ನ ಕಥೆ ಮಾತ್ರವಲ್ಲ. 1910ರಲ್ಲಿ 8,000ಕ್ಕೂ ಹೆಚ್ಚು ಜನರಿದ್ದ ಇಡೀ ಗ್ರಹಾಂ ಕೌಂಟಿಯಲ್ಲಿ 2020ರಲ್ಲಿ ಇದ್ದದ್ದು 2,415 ಮಂದಿ.

ಹಾಗಾದರೆ 14ರ ಅರ್ಥ ಏನು? ಅಮೆರಿಕದ ಗಣತಿಯ ನಿಯಮ ನಮ್ಮದಕ್ಕಿಂತ ಬಹಳ ಬೇರೆಯಲ್ಲ: ಏಪ್ರಿಲ್ 1ಕ್ಕೆ ನಿಮ್ಮ ಸಾಮಾನ್ಯ ವಾಸ ಎಲ್ಲಿ? ವಿಮೋಚನೆಯ ಹಬ್ಬ ಈಗ ನಡೆಯುವುದು ಜುಲೈ ತಿಂಗಳ ಕೊನೆಯ ವಾರಾಂತ್ಯದಲ್ಲಿ. ಆಗ ಮೊದಲ ನಿವಾಸಿಗಳ ವಂಶದವರು ದೇಶದ ಮೂಲೆ ಮೂಲೆಯಿಂದ ನೂರಾರು ಸಂಖ್ಯೆಯಲ್ಲಿ ಬರುತ್ತಾರೆ. ಮೆರವಣಿಗೆ, ಇಗರ್ಜಿಯ ಹಾಡು, ಸತ್ತವರ ಸ್ಮರಣೆ, ಸಂಜೆ ಊಟ. ನಿಕೊಡೀಮಸ್ ಎಂದರೆ ಡೆನ್ವರ್‌ನಲ್ಲಿ ಹುಟ್ಟಿದವನೂ ನಮ್ಮ ಊರು ಎನ್ನುತ್ತಾನೆ. ನಿಕೊಡೀಮಸ್‌ನಲ್ಲೇ 1932ರಲ್ಲಿ ಹುಟ್ಟಿದ ವೆರಿಲ್ ಸ್ವಿಟ್ಜರ್ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡಿ, 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ಮೊದಲ ಸುತ್ತಿನ ಆಯ್ಕೆಯಾದರು. ಆಮೇಲೆ ಅದೇ ವಿಶ್ವವಿದ್ಯಾಲಯದ ಆಡಳಿತದಲ್ಲಿ ದುಡಿದರು, ಊರಿನ ಹೊಲವನ್ನೂ ಬಿಡಲಿಲ್ಲ. 2022ರಲ್ಲಿ ತೀರಿಕೊಂಡರು.

ಊರಿನ ಮಗಳಾದ ಏಂಜೆಲಾ ಬೇಟ್ಸ್ ಇತಿಹಾಸ ಸಂಘವೊಂದನ್ನು ಕಟ್ಟಿ ಹಳೆಯ ಫೋಟೊ, ಪತ್ರ, ಮುದುಕರ ಬಾಯಿಮಾತುಗಳನ್ನು ಕೂಡಿಸಿದರು. ಊರು 1976ರಲ್ಲಿ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿತ್ತು. ಬೇಟ್ಸ್‌ರಂಥವರ ಹೋರಾಟದಿಂದ 1996ರ ನವೆಂಬರಿನಲ್ಲಿ ರಾಷ್ಟ್ರೀಯ ಚಾರಿತ್ರಿಕ ತಾಣವಾಗಿ ಉದ್ಯಾನ ಇಲಾಖೆಯ ರಕ್ಷಣೆಗೆ ಬಂತು. ಮೊದಲು ಹೇಳಿದ ಐದು ಕಟ್ಟಡಗಳೇ ಆ ತಾಣ.

ಗಣತಿ ಮಾಡಿದವನಾಗಿ ನನ್ನ ತೀರ್ಮಾನ ಇಷ್ಟು: 14 ಎಂಬುದು ಸರ್ಕಾರಕ್ಕೆ ಬೇಕಾದ ಲೆಕ್ಕ, ಅದು ತಪ್ಪಲ್ಲ. ರಸ್ತೆಗೆ, ಅನುದಾನಕ್ಕೆ, ಮತಗಟ್ಟೆಗೆ ಅದು ಬೇಕು. ಆದರೆ ಊರು ಸತ್ತಿದೆ ಎನ್ನಲು ಆ ಅಂಕೆಯನ್ನು ಸಾಕ್ಷಿಗೆ ಕರೆಯಬಾರದು. ಕ್ಯಾನ್ಸಸ್ ಸಿಟಿ, ವಿಚಿಟಾ, ಡೆನ್ವರ್ ಸೀಮೆಯಲ್ಲಿರುವ ನಮ್ಮ ಕನ್ನಡದ ಮಕ್ಕಳಿಗೆ ನನ್ನದೊಂದು ಕೋರಿಕೆ. ರಜೆ ಸಿಕ್ಕರೆ ನೀವು ಪಶ್ಚಿಮದ ಬೆಟ್ಟಗಳಿಗೆ ಹೋಗುತ್ತೀರಿ, ಹೋಗಿ. ಒಂದು ವರ್ಷ ಜುಲೈ ತಿಂಗಳ ಕೊನೆಯ ಶನಿವಾರ 24ನೇ ಹೆದ್ದಾರಿ ಹಿಡಿದು ನಿಕೊಡೀಮಸ್‌ಗೂ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಉದ್ಯಾನ ಇಲಾಖೆಯವರ ಕೇಂದ್ರದಲ್ಲಿ ಮೊದಲ ಕುಟುಂಬಗಳ ಹೆಸರುಗಳನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ. ಊಟ ಕಟ್ಟಿಕೊಂಡು ಹೋಗಿ, ಊರಿನಲ್ಲಿ ಅಂಗಡಿ ಇಲ್ಲ.